ಸಣ್ಣ ತಿಂಡಿ ಉದ್ಯಮ ಬೇರೆಯವರ ಜೊತೆ ಕೈಜೋಡಿಸುವುದು ಹೇಗೆ? ಪದೇ ಪದೇ ಕೇಳುವ ಪ್ರಶ್ನೆಗಳು

ರೊಟ್ಟಿ, ಚಟ್ನಿಪುಡಿ, ಹಪ್ಪಳ, ಸಂಡಿಗೆ, ಉಪ್ಪಿನಕಾಯಿ, ಸಾಂಬಾರ್ ಪುಡಿ. ಮನೆಯಲ್ಲೋ ಸಣ್ಣ ಶೆಡ್ಡಿನಲ್ಲೋ ಇವನ್ನು ಮಾಡಿ ಮಾರುವವರಿಗೆ ಒಂದು ಹಂತದ ಮೇಲೆ ಎಲ್ಲವನ್ನೂ ಒಬ್ಬರೇ ಮಾಡೋಕೆ ಆಗಲ್ಲ. ಅಂಗಡಿಯವರು, ದೊಡ್ಡ ಕಂಪನಿ, ಸ್ವಸಹಾಯ ಸಂಘ, ಸರ್ಕಾರಿ ಸಂಸ್ಥೆ, ಪಕ್ಕದ ಬೀದಿಯ ಇನ್ನೊಂದು ಘಟಕ, ಹೀಗೆ ಯಾರಾದರೂ ಜೊತೆಗೆ ಬೇಕಾಗುತ್ತಾರೆ. ಅಂಥ ಸಮಯದಲ್ಲಿ ಏಳುವ ಪ್ರಶ್ನೆಗಳು ಇಲ್ಲಿವೆ. ಬೇರೆ ಕಸುಬಿನವರಿಗೂ ಇದರಲ್ಲಿ ಬಹುಪಾಲು ಅನ್ವಯಿಸುತ್ತದೆ.

ನಮ್ಮದು ನಾಲ್ಕು ಜನರ ಘಟಕ. ನಮ್ಮ ಜೊತೆ ಯಾರು ಕೈಜೋಡಿಸುತ್ತಾರೆ?

ನೀವು ಅಂದುಕೊಂಡಿದ್ದಕ್ಕಿಂತ ಜಾಸ್ತಿ ಜನ. ಕೇಟರಿಂಗ್‌ನವರಿಗೆ ವಾರಾವಾರ ಒಂದೇ ರುಚಿಯ ಪುಡಿ ಬೇಕು. ಖಾನಾವಳಿಯವರಿಗೆ ಖಡಕ್ ರೊಟ್ಟಿ ಬೇಕು. ಎಣ್ಣೆ ಗಾಣದವರ ಅಂಗಡಿಯಲ್ಲಿ ಎಣ್ಣೆಯ ಪಕ್ಕ ಇಡಲು ಒಂದೆರಡು ಒಳ್ಳೆ ಮಾಲು ಬೇಕು. ರೈತ ಉತ್ಪಾದಕರ ಕಂಪನಿಗೆ ತನ್ನ ಸದಸ್ಯರ ಜೋಳ, ಶೇಂಗಾ ಕೊಳ್ಳುವವರು ಬೇಕು.

ಎಲ್ಲರ ಕಣ್ಣೂ ಮೊದಲು ಸೂಪರ್ ಮಾರ್ಕೆಟ್ ಮೇಲೆ ಬೀಳುತ್ತದೆ. ನನ್ನ ಸಲಹೆ ಉಲ್ಟಾ. ಮೊದಲ ಒಪ್ಪಂದ ನಿಮ್ಮಷ್ಟೇ ಗಾತ್ರದವರ ಜೊತೆ ಆಗಲಿ. ಅವರಿಗೂ ನಿಮ್ಮ ಅಗತ್ಯ ಇರುತ್ತದೆ, ಫೋನ್ ಮಾಡಿದರೆ ಮಾಲೀಕರೇ ಎತ್ತುತ್ತಾರೆ, ತಪ್ಪಾದರೆ ಕೂತು ಮಾತಾಡಿ ಸರಿ ಮಾಡಬಹುದು. ದೊಡ್ಡವರ ಜೊತೆ ಕೂರುವ ಹೊತ್ತಿಗೆ ಏನೇನು ಕೇಳಬೇಕು ಅನ್ನೋದು ನಿಮಗೆ ಗೊತ್ತಿರುತ್ತದೆ.

ನಮ್ಮ ಊರಲ್ಲೇ ಇನ್ನೊಬ್ಬರು ಅದೇ ಮಾಲು ಮಾಡುತ್ತಾರೆ. ಪೈಪೋಟಿ ಇರುವವರ ಜೊತೆ ಸೇರೋದು ಸರಿಯಾ?

ಸರಿ. ಎಷ್ಟೋ ಸಲ ಅವರೇ ಸರಿಯಾದ ಜೊತೆ. ಮಾರುವ ಕಡೆ ಪೈಪೋಟಿ ಇರಲಿ, ಕೊಳ್ಳುವ ಕಡೆ ಒಂದಾಗಿ.

ಒಣಮೆಣಸಿನಕಾಯಿಯನ್ನೇ ನೋಡಿ. ಬ್ಯಾಡಗಿ ಮಾರುಕಟ್ಟೆಗೆ ಸುಗ್ಗಿಯಲ್ಲಿ ಮಾಲು ಜಾಸ್ತಿ ಬರುತ್ತದೆ. ವರ್ಷಕ್ಕೆ ಬೇಕಾದಷ್ಟನ್ನು ಆಗಲೇ ಕೊಂಡು ಕೋಲ್ಡ್ ಸ್ಟೋರೇಜ್‌ನಲ್ಲಿ ಇಟ್ಟರೆ ಬಣ್ಣ ಉಳಿಯುತ್ತದೆ, ಆಮೇಲೆ ದರ ಏರಿದರೂ ಚಿಂತೆಯಿಲ್ಲ. ಒಬ್ಬರೇ ಮಾಡಲು ದುಡ್ಡೂ ಸಾಲದು, ಚೀಲಗಳೂ ಕಡಿಮೆ. ಮೂರು ಘಟಕ ಸೇರಿದರೆ ಒಂದು ಗಾಡಿ ತುಂಬುತ್ತದೆ.

ಆದರೆ ಜಗಳ ಇಲ್ಲೇ ಹುಟ್ಟೋದು. ಬ್ಯಾಡಗಿ ಮೆಣಸಿನಕಾಯಿಯಲ್ಲೇ ಒಬ್ಬರಿಗೆ ಡಬ್ಬಿ ಅನ್ನುವ ಬಗೆ ಬೇಕು, ಇನ್ನೊಬ್ಬರಿಗೆ ಕಡ್ಡಿ ಅನ್ನುವ ಬಗೆ. ಚೀಲ ಹಂಚಿಕೊಳ್ಳುವ ದಿನ ತೂಕ ಕೊಂಡ ದಿನದಷ್ಟು ಇರುವುದಿಲ್ಲ, ಯಾಕೆಂದರೆ ತೇವ ಹೆಚ್ಚುಕಡಿಮೆ ಆಗಿರುತ್ತದೆ. ತೊಟ್ಟು ಬಿಡಿಸಿದರೆ ಇನ್ನೂ ಇಳಿಯುತ್ತದೆ. ಹಾಗಾಗಿ ಮೊದಲೇ ಮಾತಾಡಿಕೊಳ್ಳಿ: ಹಂಚುವುದು ಚೀಲದ ಲೆಕ್ಕವಾ, ಹಂಚುವ ದಿನದ ತೂಕದ ಲೆಕ್ಕವಾ? ದಲ್ಲಾಳಿ ಕಮಿಷನ್, ಹಮಾಲಿ, ಬಾಡಿಗೆ, ಕೋಲ್ಡ್ ಸ್ಟೋರೇಜ್ ಶುಲ್ಕ ಯಾರ ಹೆಸರಲ್ಲಿ ಕಟ್ಟುವುದು? ಒಬ್ಬರು ಅರ್ಧ ವರ್ಷಕ್ಕೆ ಕೈಬಿಟ್ಟರೆ ಅವರ ಚೀಲ ಯಾವ ದರಕ್ಕೆ ಉಳಿದವರಿಗೆ? ಇಷ್ಟು ಒಂದು ಹಾಳೆಯಲ್ಲಿ ಬರೆದು ಮೂವರೂ ಸಹಿ ಹಾಕಿದರೆ ಸಾಕು, ವಕೀಲರು ಬೇಕಿಲ್ಲ.

ಹುರಿಯುವ ಯಂತ್ರ, ಪುಡಿ ಮಾಡುವ ಯಂತ್ರ, ಸೀಲಿಂಗ್ ಯಂತ್ರ ಹಂಚಿಕೊಳ್ಳುವುದೂ ಹೀಗೇ. ಅಲ್ಲಿ ಕೇಳಬೇಕಾದ ಪ್ರಶ್ನೆ ಒಂದೇ, ಕೆಟ್ಟರೆ ಯಾರು ರಿಪೇರಿ ಮಾಡಿಸುತ್ತಾರೆ?

ನಿಮ್ಮ ಮಸಾಲೆಯ ಅಳತೆ ಮತ್ತು ಗಿರಾಕಿಗಳ ಪಟ್ಟಿ ಮಾತ್ರ ನಿಮ್ಮಲ್ಲೇ ಇರಲಿ. ಅಣ್ಣ-ತಮ್ಮನೇ ಆಗಿರಲಿ.

ಸೂಪರ್ ಮಾರ್ಕೆಟ್‌ನವರು ದೊಡ್ಡ ಆರ್ಡರ್ ಕೊಡುತ್ತೇವೆ ಅನ್ನುತ್ತಿದ್ದಾರೆ. ಒಪ್ಪಿಕೊಳ್ಳಬಹುದಾ?

ಲೆಕ್ಕ ಹಾಕದೆ ಬೇಡ. ಒಂದು ಉದಾಹರಣೆ ತೆಗೆದುಕೊಳ್ಳೋಣ. ಇವು ಲೆಕ್ಕ ತೋರಿಸಲು ಹಾಕಿದ ಅಂಕಿಗಳು, ನಿಮ್ಮವನ್ನು ಹಾಕಿ ನೋಡಿ.

200 ಗ್ರಾಂ ಶೇಂಗಾ ಚಟ್ನಿಪುಡಿ, ಎಂಆರ್‌ಪಿ ₹100. ಅಂಗಡಿಯ ಮಾರ್ಜಿನ್ 30 ಹೋದರೆ ನಿಮಗೆ 70. ಮಾಡಿ ಪ್ಯಾಕ್ ಮಾಡಲು 45. ಅವರ ಗೋದಾಮಿಗೆ ಮುಟ್ಟಿಸಲು 5. ಹಬ್ಬದ ಆಫರ್ ಹೆಸರಲ್ಲಿ ನಿಮ್ಮಿಂದ ಕಡಿತ 5. ತಾರೀಕು ಮುಗಿದ, ಪೌಚ್ ಹರಿದ ಮಾಲು ವಾಪಸ್ ಬರುವುದರಿಂದ ಸರಾಸರಿ 7. ಕೈಗೆ ಉಳಿಯುವುದು 8 ರೂಪಾಯಿ. ತಿಂಗಳಿಗೆ 2,000 ಪ್ಯಾಕೆಟ್ ಅಂದರೆ 16,000 ರೂಪಾಯಿ. ಕೇಳೋಕೆ ಪರವಾಗಿಲ್ಲ ಅನ್ನಿಸುತ್ತದೆ, ಅಲ್ವಾ?

ಈಗ ಇನ್ನೊಂದು ಕಡೆ ನೋಡಿ. ಪ್ರತಿ ಪ್ಯಾಕೆಟ್‌ಗೆ ನೀವು ಮೊದಲೇ ಹಾಕುವುದು 50 ರೂಪಾಯಿ. 2,000ಕ್ಕೆ ಒಂದು ಲಕ್ಷ. ಅವರು 60 ದಿನಕ್ಕೆ ದುಡ್ಡು ಕೊಟ್ಟರೆ, ಮೊದಲ ಚೆಕ್ ಬರುವ ಹೊತ್ತಿಗೆ ನಿಮ್ಮ ಎರಡು ಲಕ್ಷ ಅಲ್ಲಿ ಕೂತಿರುತ್ತದೆ, ಮೂರನೆಯ ತಿಂಗಳ ಶೇಂಗಾಕ್ಕೂ ದುಡ್ಡು ಬೇಕು. ಆರ್ಡರ್ ದುಪ್ಪಟ್ಟಾದರೆ ಇದೂ ದುಪ್ಪಟ್ಟು. ಆರ್ಡರ್ ಬಂದ ಖುಷಿಯಲ್ಲಿ ಚಿನ್ನ ಅಡವಿಡುವವರು ಬಹಳ ಜನ. ವ್ಯಾಪಾರ ಚೆನ್ನಾಗಿ ನಡೆಯುತ್ತಿರುವಾಗಲೇ ಕೈಯಲ್ಲಿ ಕಾಸಿಲ್ಲದ ಸ್ಥಿತಿ ಬರುವುದು ಹೀಗೆ.

ಹಾಗಂತ ದೊಡ್ಡ ಅಂಗಡಿ ಬೇಡವೇ ಬೇಡ ಅಂತಲ್ಲ. ಮೊದಲು ಎರಡು ಮೂರು ಮಳಿಗೆಗೆ ಮಾತ್ರ ಕೊಡುತ್ತೇನೆ ಅನ್ನಿ. ವಾಪಸ್ ಬರುವ ಮಾಲಿಗೆ ಒಂದು ಮಿತಿ ಕೇಳಿ. ಆಫರ್ ಕಡಿತ ನಿಮ್ಮ ಒಪ್ಪಿಗೆ ಇಲ್ಲದೆ ಇಲ್ಲ ಅಂತ ಬರೆಸಿಕೊಳ್ಳಿ. ಶೆಲ್ಫ್‌ನಲ್ಲಿ ಇಡಲು ಲಿಸ್ಟಿಂಗ್ ಶುಲ್ಕ ಇದೆಯಾ ಅಂತ ಮೊದಲ ಸಭೆಯಲ್ಲೇ ಕೇಳಿ, ಅವರಾಗಿ ಹೇಳುವುದು ಕೊನೆಗೆ. ಪರ್ಚೇಸ್ ಆರ್ಡರ್ ಇಲ್ಲದೆ, ಬರೀ ಫೋನಿನಲ್ಲಿ ಹೇಳಿದರು ಅಂತ ಮಾಲು ಹೊರಡಿಸಬೇಡಿ.

ಮಾಲು ತೆಗೆದುಕೊಂಡವರು ದುಡ್ಡು ಕೊಡಲು ಎಳೆದಾಡುತ್ತಿದ್ದಾರೆ. ಕಾನೂನು ಏನು ಹೇಳುತ್ತದೆ?

ಇಲ್ಲಿ ಕಾನೂನು ನಿಮ್ಮ ಪರ ಇದೆ. 2006ರ ಎಂಎಸ್‌ಎಂಇಡಿ (ಸೂಕ್ಷ್ಮ, ಸಣ್ಣ ಮತ್ತು ಮಧ್ಯಮ ಉದ್ಯಮಗಳ ಅಭಿವೃದ್ಧಿ) ಕಾಯ್ದೆಯ ಪ್ರಕಾರ, ಸೂಕ್ಷ್ಮ ಅಥವಾ ಸಣ್ಣ ಉದ್ಯಮದಿಂದ ಮಾಲು ಕೊಂಡವರು ಒಪ್ಪಿಕೊಂಡ ದಿನದೊಳಗೆ ದುಡ್ಡು ಕೊಡಬೇಕು. ಆ ಒಪ್ಪಂದದ ಅವಧಿ ಏನೇ ಇದ್ದರೂ, ಮಾಲು ಒಪ್ಪಿಕೊಂಡ ದಿನದಿಂದ 45 ದಿನ ದಾಟುವಂತಿಲ್ಲ. ಬರೆದುಕೊಂಡ ಒಪ್ಪಂದ ಇಲ್ಲದಿದ್ದರೆ 15 ದಿನ. ಅಂದರೆ ಮೇಲಿನ ಉದಾಹರಣೆಯ 60 ದಿನ ಅನ್ನುವ ಷರತ್ತೇ ನಿಲ್ಲುವುದಿಲ್ಲ.

ತಡವಾದರೆ ರಿಸರ್ವ್ ಬ್ಯಾಂಕಿನ ಬ್ಯಾಂಕ್ ದರದ ಮೂರು ಪಟ್ಟು ಬಡ್ಡಿ, ಅದೂ ತಿಂಗಳಿಗೊಮ್ಮೆ ಅಸಲಿಗೆ ಸೇರುವ ಚಕ್ರಬಡ್ಡಿ. ಇದಕ್ಕಿಂತ ಹೆಚ್ಚು ಕೆಲಸ ಮಾಡುತ್ತಿರುವುದು ಆದಾಯ ತೆರಿಗೆಯ ನಿಯಮ. 2023-24ರ ಹಣಕಾಸು ವರ್ಷದಿಂದ, ಸೂಕ್ಷ್ಮ ಮತ್ತು ಸಣ್ಣ ಉದ್ಯಮಕ್ಕೆ ಈ ಅವಧಿಯೊಳಗೆ ಕೊಡದ ಹಣವನ್ನು ಕೊಂಡವರು ಆ ವರ್ಷದ ಖರ್ಚಾಗಿ ತೋರಿಸುವಂತಿಲ್ಲ. ನಿಜವಾಗಿ ಕೊಟ್ಟ ವರ್ಷವೇ ತೋರಿಸಬೇಕು. ಹಾಗಾಗಿ ಮಾರ್ಚ್ ಹತ್ತಿರ ಬಂದಂತೆ ಅವರ ಅಕೌಂಟ್ಸ್ ವಿಭಾಗದವರೇ ನಿಮ್ಮ ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ ನೋಂದಣಿ) ಪ್ರಮಾಣಪತ್ರ ಕೇಳಿಕೊಂಡು ಬರುತ್ತಾರೆ.

ಅದಕ್ಕೇ ಉದ್ಯಮ್ ನೋಂದಣಿ ಮೊದಲು ಮಾಡಿಸಿಕೊಳ್ಳಿ. 2020ರ ಜುಲೈ 1ರಿಂದ ಇರುವ ವ್ಯವಸ್ಥೆ ಇದು. ಆಧಾರ್, ಪ್ಯಾನ್ ಇದ್ದರೆ ಆನ್‌ಲೈನ್‌ನಲ್ಲಿ ಆಗುತ್ತದೆ, ಶುಲ್ಕ ಇಲ್ಲ. ದುಡ್ಡು ಕೇಳುವ ಏಜೆಂಟರ ವೆಬ್‌ಸೈಟುಗಳೂ ಇವೆ, ಹುಷಾರು. 2025ರ ಏಪ್ರಿಲ್‌ನಿಂದ ಹೂಡಿಕೆ 2.5 ಕೋಟಿ, ವಹಿವಾಟು 10 ಕೋಟಿ ದಾಟದವರೆಲ್ಲ ಸೂಕ್ಷ್ಮ ಉದ್ಯಮ. ನಾವೆಲ್ಲ ಅದರಲ್ಲೇ ಬರುತ್ತೇವೆ. ಮಾಲು ಕೊಟ್ಟ ಮೇಲೆ ನೋಂದಣಿ ಮಾಡಿಸಿದರೆ ಹಳೆಯ ಬಾಕಿಗೆ ಈ ರಕ್ಷಣೆ ಸಿಗುತ್ತದೆ ಅಂತ ನಂಬಿಕೊಳ್ಳಬೇಡಿ. ನೋಂದಣಿ ಸಂಖ್ಯೆಯನ್ನು ಪ್ರತಿ ಬಿಲ್‌ನಲ್ಲೂ ಮುದ್ರಿಸಿ. ಬೇರೆಯವರ ಮಾಲು ಕೊಂಡು ಮಾರುವ ಬರೀ ವ್ಯಾಪಾರಿಗಳಿಗೆ ಉದ್ಯಮ್ ನೋಂದಣಿ ಇದ್ದರೂ ಈ ಬಾಕಿ ನಿಯಮದ ಲಾಭ ಇಲ್ಲ, ಅದೂ ನೆನಪಿರಲಿ.

ಇನ್ನೊಂದು ಮಾತು. ಗೋದಾಮಿನಲ್ಲಿ ಮಾಲು ಇಳಿಸಿದಾಗ ದಿನಾಂಕ ಹಾಕಿದ ಸ್ವೀಕೃತಿ ಚೀಟಿ ತೆಗೆದುಕೊಳ್ಳದೆ ಡ್ರೈವರ್ ವಾಪಸ್ ಬರಬಾರದು. ಮಾಲಿನ ಬಗ್ಗೆ ತಕರಾರಿದ್ದರೆ ಕೊಂಡವರು 15 ದಿನದೊಳಗೆ ಬರೆದು ತಿಳಿಸಬೇಕು. ತಿಳಿಸದಿದ್ದರೆ ಇಳಿಸಿದ ದಿನವೇ ಒಪ್ಪಿಕೊಂಡ ದಿನ. ನಿಮ್ಮ 45 ದಿನದ ಲೆಕ್ಕ ಆ ಚೀಟಿಯ ಮೇಲೆ ನಿಂತಿದೆ.

ಅಷ್ಟಕ್ಕೂ ಬರದಿದ್ದರೆ, ಇಂಥ ಬಾಕಿಯ ತಕರಾರು ನೋಡುವ ರಾಜ್ಯದ ಫೆಸಿಲಿಟೇಷನ್ ಕೌನ್ಸಿಲ್‌ಗೆ ಕೇಂದ್ರ ಎಂಎಸ್‌ಎಂಇ ಸಚಿವಾಲಯದ ಪೋರ್ಟಲ್ ಮೂಲಕ ದೂರು ಕೊಡಬಹುದು. ದೂರು ಕೊಟ್ಟರೆ ಮುಂದೆ ಆರ್ಡರ್ ಬರಲ್ಲ ಅನ್ನುವ ಭಯ ಸುಳ್ಳಲ್ಲ. ಆದರೆ ದುಡ್ಡೇ ಬಾರದ ಆರ್ಡರ್ ಕಳೆದುಕೊಂಡರೆ ನಷ್ಟ ಏನು?

ಒಂದು ಕಂಪನಿ ತನ್ನ ಬ್ರ್ಯಾಂಡ್ ಹೆಸರಲ್ಲಿ ನಮ್ಮಿಂದ ಮಾಡಿಸಿಕೊಳ್ಳುತ್ತೇನೆ ಅನ್ನುತ್ತಿದೆ. ನಮ್ಮ ಹೆಸರು ಹೋಗಿಬಿಡುತ್ತಾ?

ಪೂರ್ತಿ ಹೋಗಲ್ಲ. ಆಹಾರದ ಪ್ಯಾಕೆಟ್ ಮೇಲೆ ತಯಾರಿಸಿದವರ ವಿವರ, ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ಸಂಖ್ಯೆ ಇರಲೇಬೇಕು. ಬ್ರ್ಯಾಂಡ್‌ನವರ 14 ಅಂಕಿಯ ಸಂಖ್ಯೆಯ ಜೊತೆಗೆ ನಿಮ್ಮದೂ ಇರುತ್ತದೆ. ಅದು ಹೆಮ್ಮೆಯ ವಿಷಯ, ಜವಾಬ್ದಾರಿಯೂ ಹೌದು. ಪ್ಯಾಕೆಟ್‌ನಲ್ಲಿ ಹುಳ ಬಂದರೆ ಅಧಿಕಾರಿಗಳು ನಿಮ್ಮ ಬಾಗಿಲಿಗೂ ಬರುತ್ತಾರೆ. ಪ್ರತಿ ಬ್ಯಾಚ್‌ನ ಒಂದೆರಡು ಪ್ಯಾಕೆಟ್ ತಾರೀಕು ಮುಗಿಯುವವರೆಗೆ ನಿಮ್ಮ ಹತ್ತಿರ ತೆಗೆದಿಡಿ. ಮಾಲು ಕೆಟ್ಟಿದ್ದು ನಿಮ್ಮಲ್ಲೋ ಅವರ ಗೋದಾಮಿನಲ್ಲೋ ಅನ್ನೋದು ಆಗ ಗೊತ್ತಾಗುತ್ತದೆ.

ರೆಸಿಪಿ ಯಾರದು ಅಂತ ಮೊದಲೇ ಬರೆಸಿ. ನಿಮ್ಮದೇ ರೆಸಿಪಿ ಆಗಿದ್ದರೆ ಮಸಾಲೆಯನ್ನು ನೀವೇ ಹುರಿದು ಪುಡಿ ಮಾಡಿ, ಅವರಿಗೆ ಪದಾರ್ಥಗಳ ಪಟ್ಟಿ ಕೊಡಿ. ಅಳತೆ ಕೊಡುವುದು ಬೇಡ. ಲೇಬಲ್‌ಗೆ ಪಟ್ಟಿ ಸಾಕು.

“ಬೇರೆ ಯಾರಿಗೂ ಮಾಡಿಕೊಡಬಾರದು” ಅನ್ನುವ ಷರತ್ತು ಹಾಕಿದರೆ, “ಹಾಗಾದರೆ ತಿಂಗಳಿಗೆ ಕನಿಷ್ಠ ಇಷ್ಟು ಕೊಳ್ಳಲೇಬೇಕು” ಅನ್ನುವ ಷರತ್ತು ನೀವು ಹಾಕಿ. ಒಂದು ಕೈಯಲ್ಲಿ ಚಪ್ಪಾಳೆ ಆಗಲ್ಲ. ಆಮೇಲೆ ಅವರ ಹೆಸರು ಮುದ್ರಿಸಿದ ಪೌಚ್‌ಗಳು. ಕನಿಷ್ಠ ಇಷ್ಟು ಸಾವಿರ ಅಂತ ಪ್ರಿಂಟರ್ ಹೇಳುತ್ತಾನೆ, ನೀವು ದುಡ್ಡು ಕೊಟ್ಟು ಮಾಡಿಸಿರುತ್ತೀರಿ, ಅವರು ಡಿಸೈನ್ ಬದಲಾಯಿಸುತ್ತಾರೆ. ಪೌಚ್ ಅವರೇ ಕೊಡಲಿ, ಇಲ್ಲವೇ ಉಳಿದ ಪೌಚ್‌ಗೆ ದುಡ್ಡು ಕಟ್ಟಲಿ.

ಮನೆಯಲ್ಲೇ ಮಾಡಿಕೊಡುವ ಮಹಿಳೆಯರಿಗೆ, ಸ್ವಸಹಾಯ ಸಂಘಗಳಿಗೆ ಕೆಲಸ ಹಂಚಬೇಕು ಅಂತಿದ್ದೇವೆ. ರುಚಿ, ಗಾತ್ರ ಒಂದೇ ಥರ ಇರುತ್ತಾ?

ಇದಕ್ಕೆ ಒಂದು ಹಳೆಯ ಉತ್ತರ ಲಿಜ್ಜತ್ ಹಪ್ಪಳದವರದು. 1959ರಲ್ಲಿ ಮುಂಬೈನ ಗಿರಗಾಂವ್‌ನಲ್ಲಿ ಏಳು ಮಹಿಳೆಯರು 80 ರೂಪಾಯಿ ಸಾಲ ತಂದು ಶುರು ಮಾಡಿದ್ದು ಅದು. ಹಿಟ್ಟು ಕೇಂದ್ರದಲ್ಲೇ ಕಲಸುತ್ತಾರೆ. ಸದಸ್ಯೆಯರು ಹಿಟ್ಟು ಒಯ್ದು ಮನೆಯಲ್ಲಿ ಲಟ್ಟಿಸಿ, ಒಣಗಿಸಿ, ಹಪ್ಪಳ ತಂದು ಒಪ್ಪಿಸುತ್ತಾರೆ. ಅಲ್ಲೇ ತೂಕ, ಅಲ್ಲೇ ಪರೀಕ್ಷೆ, ಅಲ್ಲೇ ಕೂಲಿ.

ಇದರಲ್ಲಿ ಎರಡು ಸೂಕ್ಷ್ಮ ಇದೆ. ರುಚಿ ನಿರ್ಧಾರವಾಗುವ ಕೆಲಸ ಒಂದೇ ಜಾಗದಲ್ಲಿ, ಕೈ ಕೆಲಸ ಮಾತ್ರ ಮನೆಮನೆಗೆ. ಮತ್ತೆ, ಕೂಲಿಗೆ ಯಾರೂ ಕಾಯಬೇಕಾಗಿಲ್ಲ. ನೀವು ಅಂಗಡಿಯಿಂದ 45 ದಿನಕ್ಕೆ ದುಡ್ಡು ಪಡೆಯುತ್ತೀರಿ ಅಂತ ಲಟ್ಟಿಸಿದವರಿಗೂ 45 ದಿನ ಅಂದರೆ, ಮುಂದಿನ ವಾರ ಅವರು ಬರಲ್ಲ, ಬರಬೇಕಾಗಿಯೂ ಇಲ್ಲ.

ರೊಟ್ಟಿಗೂ ಇದೇ ದಾರಿ. ಹಿಟ್ಟು ನೀವೇ ಬೀಸಿಸಿ ಕೊಡಿ. ಜೋಳದ ತಳಿ ಬದಲಾದರೆ ರೊಟ್ಟಿ ಬಡಿಯುವಾಗ ಅಂಚು ಸೀಳುತ್ತದೆ. ಗಾತ್ರಕ್ಕೆ ಎಲ್ಲರಿಗೂ ಒಂದೇ ಅಳತೆಯ ತಟ್ಟೆ ಕೊಡಿ. ಲೆಕ್ಕ ತೂಕದ್ದಲ್ಲ, ಮುರಿಯದ ರೊಟ್ಟಿಯ ಎಣಿಕೆಯದು. ಒಯ್ಯುವ ದಾರಿಯಲ್ಲಿ ಮುರಿದದ್ದನ್ನು ಅವರ ತಲೆಗೆ ಕಟ್ಟಬೇಡಿ. ಚೂರು ರೊಟ್ಟಿಗೂ ಗಿರಾಕಿ ಇದ್ದಾರೆ.

ಕಲಬುರಗಿಯ ಮಹಿಳೆಯರು ಸಹಕಾರ ಸಂಘ ಕಟ್ಟಿಕೊಂಡು ಜೋಳದ ರೊಟ್ಟಿಯನ್ನು ‘ಕಲಬುರಗಿ ರೊಟ್ಟಿ’ ಅನ್ನುವ ಒಂದೇ ಹೆಸರಲ್ಲಿ ಮಾರುತ್ತಿದ್ದಾರೆ. ಸುಮ್ನೆ ಬಿಡಿಬಿಡಿಯಾಗಿ ಮಾರುತ್ತಿದ್ದವರಿಗೆ ಒಂದು ಹೆಸರು ಸಿಕ್ಕರೆ ಬೆಂಗಳೂರಿನ ಗಿರಾಕಿಯೂ ಸಿಗುತ್ತಾನೆ. ನಿಮ್ಮ ಜಿಲ್ಲೆಯ ಸಂಘಗಳನ್ನು ಹುಡುಕಲು ತಾಲ್ಲೂಕು ಪಂಚಾಯಿತಿಯ ಸಂಜೀವಿನಿ (ಸ್ವಸಹಾಯ ಸಂಘಗಳನ್ನು ನೋಡಿಕೊಳ್ಳುವ ಯೋಜನೆ) ವಿಭಾಗದಲ್ಲಿ ವಿಚಾರಿಸಿ.

ಸರ್ಕಾರಿ ಸಂಸ್ಥೆಗಳಿಂದ ನಿಜವಾಗಿ ಉಪಯೋಗ ಆಗುತ್ತಾ?

ಆಗುತ್ತದೆ. ಯಾರ ಹತ್ತಿರ ಏನು ಕೇಳಬೇಕು ಅಂತ ಗೊತ್ತಿದ್ದರೆ.

ಮಾಲು ಬೇಗ ಕೆಡುತ್ತಿದೆ, ಪುಡಿ ಗಂಟು ಕಟ್ಟುತ್ತಿದೆ, ಎಣ್ಣೆ ಕಮಟು ವಾಸನೆ ಬರುತ್ತಿದೆ ಅನ್ನುವ ಸಮಸ್ಯೆ ಇದ್ದರೆ ಮೈಸೂರಿನ ಸಿಎಫ್‌ಟಿಆರ್‌ಐ (ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ). 1950ರಿಂದ ಇದೇ ಕೆಲಸ ಮಾಡುತ್ತಿರುವ ಸಂಸ್ಥೆ. ಶುಲ್ಕ ಕಟ್ಟಿದರೆ ಪರೀಕ್ಷೆ ಮಾಡಿಕೊಡುತ್ತಾರೆ, ತರಬೇತಿ ಇದೆ, ಅವರು ಕಂಡುಹಿಡಿದ ವಿಧಾನಗಳನ್ನು ಸಣ್ಣ ಉದ್ಯಮಗಳಿಗೂ ಲೈಸೆನ್ಸ್ ಮೇಲೆ ಕೊಡುತ್ತಾರೆ. ಹೋಗುವಾಗ ಕೆಟ್ಟ ಮಾಲಿನ ಪ್ಯಾಕೆಟ್ ಜೊತೆಗೆ ಚೆನ್ನಾಗಿರುವ ಪ್ಯಾಕೆಟ್ ಕೂಡ ಒಯ್ಯಿರಿ.

ಯಂತ್ರಕ್ಕೆ ಸಾಲ, ಸಬ್ಸಿಡಿ ಬೇಕಿದ್ದರೆ 2020ರಲ್ಲಿ ಬಂದ ಪಿಎಂಎಫ್‌ಎಂಇ, ಅಂದರೆ ಸಣ್ಣ ಆಹಾರ ಘಟಕಗಳಿಗೆ ನೆರವು ಕೊಡುವ ಕೇಂದ್ರದ ಯೋಜನೆ. ಒಬ್ಬೊಬ್ಬ ಉದ್ಯಮಿಗೆ ಯೋಜನಾ ವೆಚ್ಚದ 35%, ಗರಿಷ್ಠ 10 ಲಕ್ಷ. ಕರ್ನಾಟಕದಲ್ಲಿ ರಾಜ್ಯ ಸರ್ಕಾರ ಇನ್ನೂ 15% ಸೇರಿಸಿದ್ದರಿಂದ ಒಟ್ಟು 50%, ಗರಿಷ್ಠ 15 ಲಕ್ಷದವರೆಗೆ. ಇಲ್ಲಿ ಇದನ್ನು ನೋಡಿಕೊಳ್ಳುವುದು ಕೆಪೆಕ್ (ರಾಜ್ಯದ ಕೃಷಿ ಉತ್ಪನ್ನ ಸಂಸ್ಕರಣೆ ಮತ್ತು ರಫ್ತು ನಿಗಮ). ಸಂಘ, ಸಹಕಾರಿ, ರೈತ ಉತ್ಪಾದಕರ ಕಂಪನಿಗಳು ಸೇರಿ ಎಲ್ಲರೂ ಬಳಸುವ ಘಟಕ ಕಟ್ಟಲೂ ಇದರಲ್ಲಿ ಅವಕಾಶ ಇತ್ತು. ಯೋಜನೆಗೆ ಅವಧಿ ಇರುತ್ತದೆ, ಹಾಗಾಗಿ ಈಗ ಅರ್ಜಿ ತೆಗೆದುಕೊಳ್ಳುತ್ತಿದ್ದಾರಾ ಅಂತ ಜಿಲ್ಲೆಯ ಜಂಟಿ ಕೃಷಿ ನಿರ್ದೇಶಕರ ಕಚೇರಿಯಲ್ಲಿ ಕೇಳಿ. ಸಬ್ಸಿಡಿ ಸಿಗುತ್ತೆ ಅಂತ ಬೇಡದ ಯಂತ್ರ ಕೊಳ್ಳಬೇಡಿ. ಉಳಿದರ್ಧ ಸಾಲ ತೀರಿಸುವವರು ನೀವೇ.

ಪರಿಚಯದವರೇ. ಅವರ ಹತ್ತಿರ ಬರೆಸಿಕೊಳ್ಳೋದು ಚೆನ್ನಾಗಿರುತ್ತಾ?

ಚೆನ್ನಾಗಿಯೇ ಇರುತ್ತದೆ. ಸಂಕೋಚ ಆದರೆ ಹೀಗೆ ಮಾಡಿ: ಮಾತುಕತೆ ಮುಗಿದ ಸಂಜೆ ವಾಟ್ಸಾಪ್‌ನಲ್ಲಿ “ಅಕ್ಕಾ, ಇವತ್ತು ನಾವು ಮಾತಾಡಿದ್ದು ಹೀಗೆ, ಸರಿ ಇದೆಯಾ ನೋಡಿ” ಅಂತ ಬರೆದು ಕಳಿಸಿ. ಅವರು “ಹೌದು” ಅಂದರೆ ನಿಮ್ಮ ಹತ್ತಿರ ಒಂದು ದಾಖಲೆ ಆಯಿತು.

ಇಬ್ಬರೂ ಬಂಡವಾಳ ಹಾಕಿ ಲಾಭ ಹಂಚಿಕೊಳ್ಳುವ ಮಟ್ಟಕ್ಕೆ ಬಂದರೆ ವಾಟ್ಸಾಪ್ ಸಾಲದು. ಪಾಲುದಾರಿಕೆ ಪತ್ರ ಮಾಡಿಸಿ, ಸಂಸ್ಥೆಯನ್ನು ನೋಂದಾಯಿಸಿ. 1932ರ ಪಾಲುದಾರಿಕೆ ಕಾಯ್ದೆಯಲ್ಲಿ ನೋಂದಣಿ ಕಡ್ಡಾಯವಲ್ಲ. ಆದರೆ ನೋಂದಣಿ ಇಲ್ಲದ ಸಂಸ್ಥೆ ಒಪ್ಪಂದದ ಬಾಕಿಗಾಗಿ ಹೊರಗಿನವರ ಮೇಲೆ ದಾವೆ ಹೂಡುವಂತಿಲ್ಲ. ಹೊರಗಿನವರು ನಿಮ್ಮ ಮೇಲೆ ಹೂಡಬಹುದು.

ಇಬ್ಬರೂ ಸೇರಿ ಬ್ರ್ಯಾಂಡ್ ಕಟ್ಟಿದರೆ ಹೆಸರು ಯಾರದು?

ಮೊದಲ ಪ್ಯಾಕೆಟ್ ಮುದ್ರಿಸುವ ಮೊದಲೇ ತೀರ್ಮಾನಿಸಿ. ಹೆಸರು ಓಡಿದ ಮೇಲೆ ಯಾರೂ ಬಿಟ್ಟುಕೊಡಲ್ಲ. ಟ್ರೇಡ್‌ಮಾರ್ಕ್‌ಗೆ ಆನ್‌ಲೈನ್‌ನಲ್ಲಿ ಅರ್ಜಿ ಹಾಕಿದರೆ ಒಬ್ಬ ವ್ಯಕ್ತಿಗೆ ಅಥವಾ ಸಣ್ಣ ಉದ್ಯಮಕ್ಕೆ ಒಂದು ವರ್ಗಕ್ಕೆ (ಅಂದರೆ ಮಾಲಿನ ಒಂದು ಬಗೆಗೆ) ₹4,500 ಶುಲ್ಕ, ಬೇರೆಯವರಿಗೆ ₹9,000. ನೋಂದಣಿ 10 ವರ್ಷಕ್ಕೆ, ಆಮೇಲೆ ನವೀಕರಿಸಬಹುದು. ಡಿಸೈನ್ ಮಾಡಿಕೊಟ್ಟ ಹುಡುಗನ ಹತ್ತಿರ ಮೂಲ ಫೈಲ್ ಕೂಡ ಕೇಳಿ ಇಟ್ಟುಕೊಳ್ಳಿ.

ನಮಗೆ ಜಿಎಸ್‌ಟಿ ಇಲ್ಲ. ಅದಕ್ಕೇ ಕಂಪನಿಯವರು ಹಿಂದೆ ಸರಿಯುತ್ತಾರಾ?

ಕೆಲವರು ಸರಿಯುತ್ತಾರೆ. ನೀವು ನೋಂದಣಿ ಇಲ್ಲದವರಾಗಿದ್ದರೆ ಅಥವಾ ಕಾಂಪೋಸಿಷನ್‌ನಲ್ಲಿದ್ದರೆ (ಸಣ್ಣವರಿಗಿರುವ ಸರಳ ತೆರಿಗೆ ಪದ್ಧತಿ) ಕೊಂಡವರಿಗೆ ಇನ್‌ಪುಟ್ ಕ್ರೆಡಿಟ್, ಅಂದರೆ ಕೊಂಡಾಗ ಕೊಟ್ಟ ತೆರಿಗೆಯನ್ನು ತಮ್ಮ ತೆರಿಗೆಯಲ್ಲಿ ಕಳೆದುಕೊಳ್ಳುವ ಅವಕಾಶ, ಸಿಗುವುದಿಲ್ಲ. ಕಾಂಪೋಸಿಷನ್‌ನವರು ಹೊರರಾಜ್ಯಕ್ಕೆ ಮಾರುವಂತೆಯೂ ಇಲ್ಲ. ಖಾನಾವಳಿ, ಕಿರಾಣಿ, ನೇರ ಗಿರಾಕಿಗೆ ಇದರಿಂದ ತೊಂದರೆ ಇಲ್ಲ. ಆದ್ದರಿಂದ ಯಾರ ಜೊತೆ ವ್ಯಾಪಾರ ಅನ್ನೋದು ಮೊದಲು, ನೋಂದಣಿ ಆಮೇಲೆ. 2023ರ ಅಕ್ಟೋಬರ್ 1ರಿಂದ ಜಿಎಸ್‌ಟಿ ಮಿತಿಯೊಳಗಿನ ಸಣ್ಣವರು ನೋಂದಣಿ ಇಲ್ಲದೆಯೂ ರಾಜ್ಯದೊಳಗೆ ಇ-ಕಾಮರ್ಸ್ ತಾಣಗಳ ಮೂಲಕ ಮಾಲು ಮಾರಬಹುದು.

ವಿದೇಶದ ಕನ್ನಡ ಕೂಟದವರು ಯುಗಾದಿಗೆ ಹೋಳಿಗೆ, ಚಟ್ನಿಪುಡಿ ಕೇಳುತ್ತಿದ್ದಾರೆ.

ಮೊದಲ ಸಲ ರಫ್ತು ಲೈಸೆನ್ಸ್ ಇರುವವರ ಮೂಲಕವೇ ಕಳಿಸಿ. ನೇರವಾಗಿ ಕಳಿಸಲು ಆಮದು-ರಫ್ತು ಕೋಡ್ ಬೇಕು, ಆ ದೇಶದ ಆಹಾರ ನಿಯಮವನ್ನೂ ಪಾಲಿಸಬೇಕು. ಪುಡಿ ಸುಲಭ. ಹೋಳಿಗೆ ದಾರಿಯಲ್ಲೇ ಹಳಸುತ್ತದೆ.

ಒಪ್ಪಂದದಿಂದ ಹೊರಬರಬೇಕು. ಜಗಳ ಇಲ್ಲದೆ ಹೇಗೆ?

ಒಳಗೆ ಹೋಗುವಾಗಲೇ “30 ದಿನ ಮೊದಲು ತಿಳಿಸಿ ಯಾರು ಬೇಕಾದರೂ ಬಿಡಬಹುದು” ಅಂತ ಬರೆದಿದ್ದರೆ ಅರ್ಧ ಕೆಲಸ ಆಗಿದೆ. ಬರೆದಿಲ್ಲದಿದ್ದರೆ ಈಗ ಇಮೇಲ್ ಅಥವಾ ಪತ್ರದಲ್ಲಿ ದಿನಾಂಕ ಹಾಕಿ ತಿಳಿಸಿ. ಒಪ್ಪಿಕೊಂಡ ಆರ್ಡರ್ ಮುಗಿಸಿ ಕೊಡಿ. ಇಬ್ಬರ ಖಾತೆಯನ್ನೂ ತಾಳೆ ನೋಡಿ, “ಈ ದಿನಕ್ಕೆ ಬಾಕಿ ಇಷ್ಟು” ಅಂತ ಎರಡೂ ಕಡೆ ಸಹಿ ಹಾಕಿಸಿ. ಉಳಿದ ಪೌಚ್, ಕ್ರೇಟ್, ಯಂತ್ರ ವಾಪಸ್ ಮಾಡಿದ ದಿನ ಫೋಟೋ ತೆಗೆದು ಕಳಿಸಿ. ಅವರ ಎಫ್‌ಎಸ್‌ಎಸ್‌ಎಐ ಸಂಖ್ಯೆ ಇರುವ ಲೇಬಲ್‌ನಲ್ಲಿ ಆಮೇಲೆ ಒಂದು ಪ್ಯಾಕೆಟ್ ಕೂಡ ಹೊರಗೆ ಹೋಗಬಾರದು, ನಿಮ್ಮ ಸಂಖ್ಯೆಯ ಲೇಬಲ್ ಅವರೂ ಬಳಸಬಾರದು. ಉಳಿದ ಲೇಬಲ್ ಎಣಿಸಿ, ಇಬ್ಬರ ಎದುರಲ್ಲೇ ಹರಿದುಬಿಡಿ.